ಒಂದು ವ್ಯಾಟ್ ಸಾಕು: ಸಣ್ಣ ಸೋಲಾರ್, ಸಣ್ಣ ಗಾಳಿಯಂತ್ರ ಕಟ್ಟುತ್ತಾ ಎಲೆಕ್ಟ್ರಾನಿಕ್ಸ್ ಕಲಿಯುವ ದಾರಿ

ಎಲೆಕ್ಟ್ರಾನಿಕ್ಸ್ ಕಲಿಯೋಣ ಅಂತ ಹೊರಟವರಲ್ಲಿ ತುಂಬಾ ಜನ ಮೊದಲು ಕಟ್ಟುವುದು ಎಲ್‌ಇಡಿ ಮಿನುಗಿಸುವ ಸರ್ಕ್ಯೂಟ್. ಅದು ಮಿನುಗುತ್ತದೆ, ಖುಷಿಯಾಗುತ್ತದೆ, ಮುಂದೇನು ಅಂತ ಗೊತ್ತಾಗದೆ ಸಾಮಾನೆಲ್ಲ ಡಬ್ಬಿ ಸೇರುತ್ತದೆ. ನನಗೂ ಹಾಗೇ ಆಗಿತ್ತು. ಆ ಡಬ್ಬಿಯನ್ನು ಮತ್ತೆ ತೆಗೆಸಿದ್ದು ಕೆಟ್ಟುಹೋದ ಒಂದು ಸೋಲಾರ್ ತೋಟದ ದೀಪ. ಬಿಚ್ಚಿ ನೋಡಿದರೆ ಒಳಗೆ ಒಂದು ಪುಟ್ಟ ಪ್ಯಾನೆಲ್, 1.2 ವೋಲ್ಟಿನ ಒಂದೇ ಒಂದು ಸೆಲ್, ನಾಲ್ಕು ಕಾಲಿನ ಒಂದು ಐಸಿ (ಪುಟ್ಟ ಚಿಪ್), ರೆಸಿಸ್ಟರ್‌ನಂತೆ ಕಾಣುವ ಒಂದು ಕಾಯಿಲ್ (ವೈರಿನ ಸುರುಳಿ), ಇಷ್ಟೇ. ಬಿಳಿ ಎಲ್‌ಇಡಿ ಉರಿಯಲು ಸುಮಾರು 3 ವೋಲ್ಟ್ ಬೇಕು. ಸೆಲ್ ಕೊಡುವುದು 1.2. ಹಾಗಾದರೆ ಇಷ್ಟು ದಿನ ಇದು ಉರಿಯುತ್ತಿದ್ದುದು ಹೇಗೆ?

ಆ ಒಂದು ಪ್ರಶ್ನೆಯ ಹಿಂದೆ ಹೋಗಿಯೇ ನಾನು ಟ್ರಾನ್ಸಿಸ್ಟರ್ ಕಲಿತೆ, ಕಾಯಿಲ್ ಕಲಿತೆ, ಬ್ಯಾಟರಿ ಕಲಿತೆ. ಅದಕ್ಕೇ ಹೊಸಬರು ಕೇಳಿದಾಗಲೆಲ್ಲ ಸಣ್ಣದೊಂದು ಶಕ್ತಿಯ ಮೂಲದಿಂದ ಶುರು ಮಾಡಿ ಅನ್ನುತ್ತೇನೆ. ಗೋಡೆಯ ಪ್ಲಗ್ಗಿಗೆ ಅಡಾಪ್ಟರ್ ಹಾಕಿ ಸರ್ಕ್ಯೂಟ್ ಕಟ್ಟಿದರೆ ಕರೆಂಟ್ ಎಷ್ಟು ಬೇಕಾದರೂ ಸಿಗುತ್ತದೆ. ಅರ್ಧ ವ್ಯಾಟ್ ಎಲ್ಲೋ ಬಿಸಿಯಾಗಿ ಹೋದರೆ ನಿಮಗೆ ತಿಳಿಯುವುದೇ ಇಲ್ಲ. ಆದರೆ ನಿಮ್ಮ ಹತ್ತಿರ ಇರುವುದೇ ಒಂದು ವ್ಯಾಟ್ ಆದಾಗ ಪ್ರತಿ ಡಯೋಡ್, ಪ್ರತಿ ರೆಸಿಸ್ಟರ್ ಎಷ್ಟು ತಿನ್ನುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ. ಸಾಲದಾಗುವ ವಿದ್ಯುತ್ತೇ ಇಲ್ಲಿ ಮೇಷ್ಟ್ರು. ಜೊತೆಗೆ, ಒಂದು ವ್ಯಾಟಿನ ಪ್ಯಾನೆಲ್‌ನಿಂದ ಶಾಕ್ ಹೊಡೆಯುವುದಿಲ್ಲ, ಶಾರ್ಟ್ ಮಾಡಿದರೂ ಏನೂ ಸುಡುವುದಿಲ್ಲ. ತಪ್ಪು ಮಾಡಿ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಏನು ಬೇಕು

6 ವೋಲ್ಟ್ 1 ವ್ಯಾಟ್ ಅಂತ ಬರೆದಿರುವ ಒಂದು ಸಣ್ಣ ಪ್ಯಾನೆಲ್, ಒಂದು ಡಿಜಿಟಲ್ ಮಲ್ಟಿಮೀಟರ್, ಬ್ರೆಡ್‌ಬೋರ್ಡ್ (ಸೋಲ್ಡರ್ ಮಾಡದೆ ಭಾಗಗಳನ್ನು ಚುಚ್ಚಿ ಜೋಡಿಸುವ ಹಲಗೆ), ಜಂಪರ್ ವೈರುಗಳು, ಬೇರೆ ಬೇರೆ ಬೆಲೆಯ ರೆಸಿಸ್ಟರ್‌ಗಳ ಒಂದು ಕಟ್ಟು. ಆಮೇಲೆ ಕೆಲವು ಎಲ್‌ಇಡಿ, 1ಎನ್4007 ಮತ್ತು 1ಎನ್5819 ಡಯೋಡ್‌ಗಳು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವಂಥವು), ಬಿಸಿ547 ಮತ್ತು ಬಿಸಿ557 ಟ್ರಾನ್ಸಿಸ್ಟರ್‌ಗಳು. ಸೋಲ್ಡರಿಂಗ್ ಐರನ್ ಮೊದಲ ವಾರಕ್ಕೆ ಬೇಡ. ಆದರೆ ಎರಡನೇ ಮೀಟರ್ ಕೊಳ್ಳಲು ಆಗುವುದಾದರೆ ಖಂಡಿತ ಕೊಳ್ಳಿ. ಒಂದರಲ್ಲಿ ವೋಲ್ಟ್, ಇನ್ನೊಂದರಲ್ಲಿ ಆಂಪ್ ಒಟ್ಟಿಗೇ ಕಂಡರೆ ಕಲಿಕೆಯ ವೇಗವೇ ಬೇರೆ.

ಒಂದು ನೋಟ್‌ಬುಕ್ ಕೂಡ ಇಟ್ಟುಕೊಳ್ಳಿ. ಇದು ಸುಮ್ನೆ ಹೇಳುವ ಮಾತಲ್ಲ. ಇವತ್ತು ಅಳೆದದ್ದು ನಾಳೆ ಯಾಕೆ ಬೇರೆ ಬಂತು ಅಂತ ಹುಡುಕುವಾಗ ದಿನ, ಹೊತ್ತು, ಬಿಸಿಲು ಹೇಗಿತ್ತು ಅನ್ನುವ ಮೂರು ಮಾತು ಬರೆದಿಟ್ಟಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲ ದಿನ: ಸುಮ್ನೆ ಅಳೆಯಿರಿ

ಏನನ್ನೂ ಕಟ್ಟಬೇಡಿ. ಪ್ಯಾನೆಲ್ಲನ್ನು ಬಿಸಿಲಿಗೆ ಹಿಡಿದು, ಮೀಟರ್ ಅನ್ನು ಡಿಸಿ ವೋಲ್ಟ್‌ಗೆ ಇಟ್ಟು ಎರಡು ತುದಿ ಮುಟ್ಟಿಸಿ. 6 ವೋಲ್ಟಿನ ಪ್ಯಾನೆಲ್ 7 ವೋಲ್ಟ್ ತೋರಿಸಿದರೆ ಗಾಬರಿ ಬೇಡ. ಯಾವ ಲೋಡೂ (ಕರೆಂಟ್ ಎಳೆಯುವ ಭಾಗ) ಇಲ್ಲದಾಗ ವೋಲ್ಟೇಜ್ ಜಾಸ್ತಿಯೇ ಇರುತ್ತದೆ. 12 ವೋಲ್ಟಿನ ಪ್ಯಾನೆಲ್‌ಗಳು ಖಾಲಿ ಇದ್ದಾಗ 21-22 ವೋಲ್ಟ್ ತೋರಿಸುವುದೂ ಇದಕ್ಕೇ. ಹತ್ತಿರದಿಂದ ನೋಡಿದರೆ ಪ್ಯಾನೆಲ್ ಮೇಲೆ ಸಣ್ಣ ಸಣ್ಣ ಪಟ್ಟಿಗಳು ಕಾಣುತ್ತವೆ. ಒಂದೊಂದು ಸಿಲಿಕಾನ್ ಪಟ್ಟಿ ಸುಮಾರು ಅರ್ಧ ವೋಲ್ಟ್ ಕೊಡುತ್ತದೆ, ಅವೆಲ್ಲ ಸಾಲಾಗಿ ಜೋಡಿಸಿರುತ್ತವೆ. ಒಂದೇ ಒಂದು ಪಟ್ಟಿಯನ್ನು ಬೆರಳಿನಿಂದ ಪೂರ್ತಿ ಮುಚ್ಚಿ ನೋಡಿ. ವೋಲ್ಟೇಜ್ ಅಷ್ಟೇನೂ ಇಳಿಯುವುದಿಲ್ಲ.

ಈಗ ಕೆಂಪು ವೈರನ್ನು ಮೀಟರಿನ ಆಂಪ್ ಸಾಕೆಟ್‌ಗೆ ಹಾಕಿ, ಡಿಸಿ ಆಂಪ್‌ಗೆ ತಿರುಗಿಸಿ, ಪ್ಯಾನೆಲ್‌ನ ಎರಡು ತುದಿಗೆ ನೇರವಾಗಿ ಹಿಡಿಯಿರಿ. ಒಳ್ಳೆಯ ಬಿಸಿಲಿದ್ದರೆ 170-180 ಮಿಲಿಆಂಪ್ ಆಸುಪಾಸು ಬರುತ್ತದೆ. ಮತ್ತೆ ಅದೇ ಪಟ್ಟಿಯನ್ನು ಮುಚ್ಚಿ. ಕರೆಂಟ್ ಧಡ್ ಅಂತ ಬೀಳುತ್ತದೆ! ಸಾಲಿನಲ್ಲಿ ಒಬ್ಬ ನಿಂತರೆ ಹಿಂದಿನವರೆಲ್ಲ ನಿಲ್ಲಬೇಕಾದ ಹಾಗೆ. ಸೀರೀಸ್ ಸರ್ಕ್ಯೂಟ್ ಅಂದರೆ ಏನು ಅಂತ ಪಾಠ ಓದಿ ಅರ್ಥವಾಗದವರಿಗೂ ಈ ಒಂದು ಬೆರಳು ಅರ್ಥ ಮಾಡಿಸುತ್ತದೆ.

ಇಲ್ಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ, ಯಾಕಂದರೆ ಇದರಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಹೀಗೆ ನೇರವಾಗಿ ಆಂಪ್ ಅಳೆಯುವುದು ಪ್ಯಾನೆಲ್‌ಗೆ ಮಾತ್ರ ಸರಿ. ಬೀಳುವ ಬೆಳಕು ಎಷ್ಟೋ ಅಷ್ಟೇ ಕರೆಂಟ್ ಅದು ಕೊಡಬಲ್ಲದು. ಬ್ಯಾಟರಿ ಹಾಗಲ್ಲ. ಬ್ಯಾಟರಿ ಎಷ್ಟು ಆಂಪ್ ಕೊಡುತ್ತದೆ ನೋಡೋಣ ಅಂತ ನಾನು ಒಮ್ಮೆ 12 ವೋಲ್ಟಿನ ಲೆಡ್ ಆ್ಯಸಿಡ್ ಬ್ಯಾಟರಿಗೆ ಮೀಟರ್ ಹಿಡಿದೆ. ದೊಡ್ಡ ಕಿಡಿ ಹಾರಿತು, ವೈರಿನ ತುದಿ ಕರಗಿತು, ಮೀಟರ್ ಹೋಯಿತು. ಆಂಪ್ ಅಳೆಯುವಾಗ ಮೀಟರ್ ಅಂದರೆ ಬರೀ ಒಂದು ವೈರು ಇದ್ದ ಹಾಗೆ, ಬ್ಯಾಟರಿಯನ್ನು ಶಾರ್ಟ್ ಮಾಡಿದ್ದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಆಂಪ್ ಅಳೆದ ಕೂಡಲೇ ಕೆಂಪು ವೈರನ್ನು ವೋಲ್ಟ್ ಸಾಕೆಟ್‌ಗೆ ವಾಪಸ್ ಹಾಕುವ ಅಭ್ಯಾಸ ಇವತ್ತೇ ಮಾಡಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದ ಪ್ರಯೋಗ

ನಿಮ್ಮ ಹತ್ತಿರ ಈಗ ಎರಡು ಸಂಖ್ಯೆ ಇವೆ: 7 ವೋಲ್ಟ್ ಮತ್ತು 0.18 ಆಂಪ್. ಗುಣಿಸಿದರೆ 1.26 ವ್ಯಾಟ್. ಪ್ಯಾನೆಲ್ ಮೇಲೆ ಬರೆದಿರುವುದು 1 ವ್ಯಾಟ್. ಹಾಗಾದರೆ ಜಾಸ್ತಿ ಕೊಡುತ್ತಿದೆಯಾ? ಇಲ್ಲ. 7 ವೋಲ್ಟ್ ಬಂದಾಗ ಕರೆಂಟ್ ಸೊನ್ನೆ ಇತ್ತು, 0.18 ಆಂಪ್ ಬಂದಾಗ ವೋಲ್ಟೇಜ್ ಸೊನ್ನೆ ಇತ್ತು. ಎರಡು ಸಲವೂ ನಮಗೆ ಸಿಕ್ಕ ಶಕ್ತಿ ಸೊನ್ನೆಯೇ. ಶಕ್ತಿ ಸಿಗುವುದು ಇವೆರಡರ ನಡುವೆ ಎಲ್ಲೋ. ಎಲ್ಲಿ ಅಂತ ಹುಡುಕುವುದೇ ಈ ಪ್ರಯೋಗ.

10, 22, 33, 47, 100, 220 ಓಮ್‌ಗಳ ರೆಸಿಸ್ಟರ್ ತಗೊಳ್ಳಿ. 47 ಮತ್ತು ಅದಕ್ಕಿಂತ ಕೆಳಗಿನವು 2 ವ್ಯಾಟ್ ತಡೆಯುವಂಥವು ಇರಲಿ, 100 ಓಮಿನದು 1 ವ್ಯಾಟಿನದಾದರೂ ಸಾಕು. ಮಾಮೂಲಿ ಕಾಲು ವ್ಯಾಟಿನದು ಹಾಕಿದರೆ ಬೆರಳು ಸುಡುವಷ್ಟು ಬಿಸಿಯಾಗುತ್ತದೆ, ಬಣ್ಣ ಕಪ್ಪಾಗುತ್ತದೆ. ರೆಸಿಸ್ಟರಿಗೆ ಓಮ್ ಒಂದೇ ಅಲ್ಲ, ವ್ಯಾಟ್ ಕೂಡ ಇರುತ್ತದೆ ಅಂತ ಎಷ್ಟೋ ಜನರಿಗೆ ಗೊತ್ತಾಗುವುದು ಇಲ್ಲೇ. ಒಂದೊಂದನ್ನೇ ಪ್ಯಾನೆಲ್‌ಗೆ ಜೋಡಿಸಿ, ಅದರ ಎರಡು ತುದಿಯ ವೋಲ್ಟೇಜ್ ಬರೆದುಕೊಳ್ಳಿ. ಕರೆಂಟ್ ಅಳೆಯುವುದೂ ಬೇಡ, ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಸಿಗುತ್ತದೆ. ಓಮ್ ನಿಯಮವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವಲ್ವಾ, ಈಗ ಅದು ಕೆಲಸಕ್ಕೆ ಬಂತು.

ಒಳ್ಳೆಯ ಬಿಸಿಲಲ್ಲಿ ಹೆಚ್ಚುಕಡಿಮೆ ಹೀಗೆ ಬರುತ್ತದೆ. 10 ಓಮ್‌ಗೆ 1.8 ವೋಲ್ಟ್, ಅಂದರೆ ಮೂರನೇ ಒಂದು ವ್ಯಾಟಿಗೂ ಕಡಿಮೆ. 22 ಓಮ್‌ಗೆ 3.8 ವೋಲ್ಟ್, 0.66 ವ್ಯಾಟ್. 33 ಓಮ್‌ಗೆ 5.6 ವೋಲ್ಟ್, 0.95 ವ್ಯಾಟ್. 47ಕ್ಕೆ ಹೋದರೆ ವೋಲ್ಟೇಜ್ 6 ದಾಟುತ್ತದೆ, ಆದರೆ ಶಕ್ತಿ 0.8ಕ್ಕೆ ಇಳಿದಿರುತ್ತದೆ. 100 ಓಮ್‌ಗೆ ಅರ್ಧಕ್ಕೂ ಕೆಳಗೆ. ಗ್ರಾಫ್ ಹಾಳೆಯಲ್ಲಿ ಬರೆದರೆ ಒಂದು ಗುಡ್ಡ ಮೂಡುತ್ತದೆ. ಆ ಗುಡ್ಡದ ತುದಿಯೇ ನಿಮ್ಮ ಪ್ಯಾನೆಲ್‌ನ ಅತಿ ಹೆಚ್ಚು ಶಕ್ತಿಯ ಜಾಗ. ದೊಡ್ಡ ಸೋಲಾರ್ ವ್ಯವಸ್ಥೆಗಳಲ್ಲಿ ಎಂಪಿಪಿಟಿ ಅಂತ ಒಂದು ಸಾಧನ ಇರುತ್ತದೆ, ಅದು ದಿನವಿಡೀ ಮಾಡುವ ಕೆಲಸ ಇದೇ. ಮೋಡ ಬಂದರೂ ಹೋದರೂ ಆ ತುದಿಯನ್ನು ಹುಡುಕುತ್ತಾ ಇರುವುದು. ನೀವು ಆರು ರೆಸಿಸ್ಟರ್ ಹಿಡಿದು ಕೈಯಿಂದ ಅದನ್ನೇ ಮಾಡಿದಿರಿ.

ಇದನ್ನು ಮೋಡದ ದಿನ ಒಮ್ಮೆ, ಪ್ಯಾನೆಲ್ ಚೆನ್ನಾಗಿ ಕಾದ ಮಧ್ಯಾಹ್ನ ಒಮ್ಮೆ ಮತ್ತೆ ಮಾಡಿ. ಸಿಲಿಕಾನ್ ಪ್ಯಾನೆಲ್ ಒಂದು ಡಿಗ್ರಿ ಬಿಸಿಯಾದರೆ ವೋಲ್ಟೇಜ್ ಸುಮಾರು 0.3 ಶೇಕಡಾ ಇಳಿಯುತ್ತದೆ. ಬಿಸಿಲು ಬೇಕು, ಬಿಸಿ ಬೇಡ.

ತುಂಬಿಸಿಡುವುದು: ಮೊದಲು ಬ್ಯಾಟರಿ ಬೇಡ

ಎಲ್ಲರೂ ಇಲ್ಲಿ ನೇರ ಲಿಥಿಯಂ ಬ್ಯಾಟರಿಗೆ ಹೋಗುತ್ತಾರೆ. ನಾನು ಸೂಪರ್‌ಕೆಪಾಸಿಟರ್‌ನಿಂದ (ತುಂಬಾ ಚಾರ್ಜ್ ಹಿಡಿದಿಡುವ ದೊಡ್ಡ ಕೆಪಾಸಿಟರ್) ಶುರು ಮಾಡಿ ಅನ್ನುತ್ತೇನೆ. 2.7 ವೋಲ್ಟ್ 10 ಫ್ಯಾರಡ್‌ನ ಎರಡು ಕೆಪಾಸಿಟರ್ ಸಾಲಾಗಿ ಜೋಡಿಸಿದರೆ 5.4 ವೋಲ್ಟ್ ತಡೆಯುವ 5 ಫ್ಯಾರಡ್ ಆಯಿತು. ಪ್ಯಾನೆಲ್‌ನ ಪ್ಲಸ್‌ನಿಂದ ಒಂದು ಡಯೋಡ್, ಅಲ್ಲಿಂದ ಕೆಪಾಸಿಟರ್. ಬಿಸಿಲಿಗೆ ಹಿಡಿದು ಮೀಟರ್ ನೋಡುತ್ತಾ ಇರಿ, 5 ವೋಲ್ಟ್ ಆದ ಕೂಡಲೇ ಪ್ಯಾನೆಲ್ ತೆಗೆದುಬಿಡಿ, ಬಿಟ್ಟರೆ ಮೇಲೆ ಹೋಗಿ ಕೆಪಾಸಿಟರ್ ಹಾಳಾಗುತ್ತದೆ. ಎರಡರ ಮೇಲೂ ವೋಲ್ಟೇಜ್ ಸಮವಾಗಿ ಹಂಚಿಕೊಂಡಿದೆಯಾ ಅಂತ ಬೇರೆ ಬೇರೆ ಅಳೆದು ನೋಡುವುದು ಮರೆಯಬೇಡಿ. ಲೆಕ್ಕದ ಪ್ರಕಾರ 0.17 ಆಂಪ್‌ನಲ್ಲಿ ತುಂಬಲು ಎರಡೂವರೆ ನಿಮಿಷ ಸಾಕು. ಲೆಕ್ಕ ಹಾಕಿದ್ದು ಕಣ್ಣೆದುರೇ ಅಷ್ಟೇ ಹೊತ್ತಿಗೆ ಆಗುವುದನ್ನು ನೋಡುವುದರಲ್ಲಿ ಒಂದು ಸಂತೋಷ ಇದೆ, ಅದನ್ನು ತಪ್ಪಿಸಿಕೊಳ್ಳಬೇಡಿ.

ಡಯೋಡ್ ಯಾಕೆ? ಕತ್ತಲಾದ ಮೇಲೆ ಪ್ಯಾನೆಲ್ ತಾನೇ ಒಂದು ಲೋಡ್ ಆಗಿ ತುಂಬಿದ್ದನ್ನು ಹಿಂದಕ್ಕೆ ಎಳೆದುಕೊಳ್ಳಬಹುದು. ಡಯೋಡ್ ಅದನ್ನು ತಡೆಯುತ್ತದೆ. ಈಗ 1ಎನ್4007 ಹಾಕಿ ಅದರ ಎರಡು ತುದಿ ಅಳೆಯಿರಿ, 0.7 ವೋಲ್ಟಿನಷ್ಟು ನುಂಗುತ್ತಿರುತ್ತದೆ. ತೆಗೆದು 1ಎನ್5819 ಶಾಟ್ಕಿ ಡಯೋಡ್ ಹಾಕಿ, 0.3ರ ಆಸುಪಾಸು. ಗೋಡೆಯ ಅಡಾಪ್ಟರ್ ಇದ್ದಿದ್ದರೆ ಈ 0.4 ವೋಲ್ಟಿನ ವ್ಯತ್ಯಾಸದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇಲ್ಲಿ 6ರಲ್ಲಿ 0.4 ಅಂದರೆ ನೂರಕ್ಕೆ ಆರೇಳು ಪಾಲು.

ತುಂಬಿದ ಕೆಪಾಸಿಟರ್‌ಗೆ 220 ಓಮ್ ರೆಸಿಸ್ಟರ್ ಮೂಲಕ ಬಿಳಿ ಎಲ್‌ಇಡಿ ಹಾಕಿ. 5ರಲ್ಲಿ 3 ಕಳೆದು 220ರಿಂದ ಭಾಗಿಸಿದರೆ ಶುರುವಿನಲ್ಲಿ 9 ಮಿಲಿಆಂಪ್. ನಿಧಾನಕ್ಕೆ ಮಂಕಾಗುತ್ತಾ ಅರ್ಧ ಗಂಟೆ ಹತ್ತಿರ ಉರಿಯುತ್ತದೆ. ಆರುವ ಹೊತ್ತಿಗೆ ಕೆಪಾಸಿಟರ್ ಅಳೆಯಿರಿ. ಇನ್ನೂ 3 ವೋಲ್ಟಿನಷ್ಟು ಇದೆ! ಕೆಪಾಸಿಟರ್‌ನಲ್ಲಿರುವ ಶಕ್ತಿ ಅಂದರೆ ಫ್ಯಾರಡ್ ಗುಣಿಸು ವೋಲ್ಟಿನ ವರ್ಗ, ಅದರಲ್ಲಿ ಅರ್ಧ. 5 ವೋಲ್ಟಿನಲ್ಲಿ 62.5 ಜೂಲ್ ಇತ್ತು. 3 ವೋಲ್ಟಿನಲ್ಲಿ 22.5 ಜೂಲ್ ಇದೆ. ಅಂದರೆ ತುಂಬಿಸಿದ್ದರಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಒಳಗೇ ಉಳಿದಿದೆ, ಎಲ್‌ಇಡಿಗೆ ಅದನ್ನು ಮುಟ್ಟಲು ಆಗುತ್ತಿಲ್ಲ.

ಅದನ್ನು ಹೊರಗೆ ತೆಗೆಯುವುದು ಹೇಗೆ? ಇಲ್ಲಿಗೆ ತೋಟದ ದೀಪದ ಪ್ರಶ್ನೆ ವಾಪಸ್ ಬಂತು.

ಜೂಲ್ ಥೀಫ್

ಈ ಸರ್ಕ್ಯೂಟ್‌ಗೆ ಎಲ್ಲ ಕಡೆ ಇದೇ ಹೆಸರು. ಬೇಕಾಗಿರುವುದು ಒಂದು ಬಿಸಿ547 ಟ್ರಾನ್ಸಿಸ್ಟರ್, 1 ಕಿಲೋಓಮ್ ರೆಸಿಸ್ಟರ್, ಒಂದು ಎಲ್‌ಇಡಿ, ಒಂದು ಫೆರೈಟ್ ರಿಂಗ್. ಹಾಳಾದ ಸಿಎಫ್ಎಲ್ ದೀಪದ ಬೋರ್ಡಿನಲ್ಲೋ ಹಳೆಯ ಪವರ್ ಸಪ್ಲೈನಲ್ಲೋ ಆ ರಿಂಗ್ ಸಿಗುತ್ತದೆ (ಗಾಜಿನ ಕೊಳವೆ ಒಡೆಯದಂತೆ ನೋಡಿಕೊಳ್ಳಿ, ಒಳಗೆ ಪಾದರಸ ಇರುತ್ತದೆ. ಬೋರ್ಡಿನ ದೊಡ್ಡ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು, ಅದನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಮುಟ್ಟಿ). ಎರಡು ಬಣ್ಣದ ತೆಳು ವೈರನ್ನು ಒಟ್ಟಿಗೆ ಹಿಡಿದು ರಿಂಗಿಗೆ ಹತ್ತರಿಂದ ಹದಿನೈದು ಸುತ್ತು ಸುತ್ತಿ. ಒಂದು ಬಣ್ಣದ ಶುರುವಿನ ತುದಿಯನ್ನು ಇನ್ನೊಂದು ಬಣ್ಣದ ಕೊನೆಯ ತುದಿಗೆ ಸೇರಿಸಿ ಬ್ಯಾಟರಿಯ ಪ್ಲಸ್‌ಗೆ ಕೊಡಿ. ಟ್ರಾನ್ಸಿಸ್ಟರಿನ ಮೂರು ಕಾಲುಗಳ ಹೆಸರು ಬೇಸ್, ಕಲೆಕ್ಟರ್, ಎಮಿಟರ್. ಉಳಿದ ಎರಡು ತುದಿಗಳಲ್ಲಿ ಒಂದು ರೆಸಿಸ್ಟರ್ ಮೂಲಕ ಬೇಸ್‌ಗೆ, ಇನ್ನೊಂದು ಕಲೆಕ್ಟರ್‌ಗೆ. ಎಮಿಟರ್ ಮೈನಸ್‌ಗೆ. ಎಲ್‌ಇಡಿಯ ಉದ್ದ ಕಾಲು ಕಲೆಕ್ಟರ್‌ಗೆ, ಗಿಡ್ಡ ಕಾಲು ಎಮಿಟರ್‌ಗೆ.

ಗಡಿಯಾರದಿಂದ ತೆಗೆದು ಬಿಸಾಡಬೇಕು ಅಂತಿಟ್ಟ ಸೆಲ್ ಹಾಕಿ. ಉರಿಯುತ್ತದೆ. ಉರಿಯದಿದ್ದರೆ ನೂರಕ್ಕೆ ತೊಂಬತ್ತು ಸಲ ಒಂದು ಸುತ್ತಿನ ತುದಿಗಳು ಅದಲುಬದಲಾಗಿರುತ್ತವೆ, ತಿರುಗಿಸಿ ಹಾಕಿ.

ನಡೆಯುವುದು ಇಷ್ಟು. ಬೇಸ್‌ಗೆ ಸ್ವಲ್ಪ ಕರೆಂಟ್ ಹೋದ ಕೂಡಲೇ ಟ್ರಾನ್ಸಿಸ್ಟರ್ ತೆರೆಯುತ್ತದೆ, ಕಾಯಿಲ್‌ನಲ್ಲಿ ಕರೆಂಟ್ ಏರುತ್ತದೆ, ಆ ಏರಿಕೆ ಇನ್ನೊಂದು ಸುತ್ತಿನ ಮೂಲಕ ಬೇಸನ್ನು ಇನ್ನಷ್ಟು ತೆರೆಸುತ್ತದೆ. ಒಂದು ಹಂತದಲ್ಲಿ ಇನ್ನು ಏರಲು ಆಗುವುದಿಲ್ಲ, ಟ್ರಾನ್ಸಿಸ್ಟರ್ ಫಟ್ ಅಂತ ಮುಚ್ಚುತ್ತದೆ. ಓಡುತ್ತಿರುವ ಕರೆಂಟನ್ನು ತಟ್ಟನೆ ನಿಲ್ಲಿಸಲು ಕಾಯಿಲ್ ಬಿಡುವುದಿಲ್ಲ, ದಾರಿ ಸಿಗುವ ತನಕ ವೋಲ್ಟೇಜ್ ಏರಿಸುತ್ತದೆ, ಎಲ್‌ಇಡಿ ಮೂಲಕ ನುಗ್ಗಿ ಹೋಗುತ್ತದೆ. ಮತ್ತೆ ಮೊದಲಿನಿಂದ. ಸೆಕೆಂಡಿಗೆ ಹತ್ತಾರು ಸಾವಿರ ಸಲ ಹೀಗೆ ನಡೆಯುವುದರಿಂದ ಕಣ್ಣಿಗೆ ಒಂದೇ ಸಮ ಬೆಳಕು. ಹತ್ತಿರದಲ್ಲಿ ಎಎಂ ರೇಡಿಯೊ ಇಟ್ಟರೆ ಈ ಓಟ ಸಿಳ್ಳೆಯ ಹಾಗೆ ಕೇಳುತ್ತದೆ, ಸೆಲ್ ಸೋಲುತ್ತಾ ಹೋದಂತೆ ಅದರ ಸ್ವರವೂ ಬದಲಾಗುತ್ತದೆ. ಓಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಸಾಧನ) ಇಲ್ಲದವರಿಗೆ ಇದೇ ಓಸಿಲೋಸ್ಕೋಪ್.

3 ವೋಲ್ಟಿಗೆ ನಿಂತ ನಿಮ್ಮ ಕೆಪಾಸಿಟರ್‌ಗೆ ಇದನ್ನು ಜೋಡಿಸಿದರೆ ಅರ್ಧ ವೋಲ್ಟ್ ಚಿಲ್ಲರೆ ಉಳಿಯುವ ತನಕ ಹೀರುತ್ತದೆ. ತೋಟದ ದೀಪದ ನಾಲ್ಕು ಕಾಲಿನ ಐಸಿ ಮಾಡುತ್ತಿದ್ದುದೂ ಇದೇ ಕೆಲಸ. ವೈಎಕ್ಸ್8018 ಅಥವಾ ಕ್ಯೂಎಕ್ಸ್5252 ಅಂತ ಅದರ ಮೇಲೆ ಬರೆದಿರುತ್ತದೆ.

ಆ ಐಸಿ ಇನ್ನೊಂದು ಜಾಣತನ ಮಾಡುತ್ತದೆ, ಕತ್ತಲಾಯಿತಾ ಅಂತ ಪ್ಯಾನೆಲ್ಲನ್ನೇ ನೋಡಿ ತಿಳಿಯುತ್ತದೆ. ಅದನ್ನು ನೀವೂ ಕಟ್ಟಬಹುದು. ಬಿಸಿ557ರ ಎಮಿಟರ್ ಬ್ಯಾಟರಿಯ ಪ್ಲಸ್‌ಗೆ, ಬೇಸ್ 1 ಕಿಲೋಓಮ್ ಮೂಲಕ ಪ್ಯಾನೆಲ್‌ನ ಪ್ಲಸ್‌ಗೆ (ಡಯೋಡ್‌ಗಿಂತ ಮುಂಚಿನ ಜಾಗ), ಅದೇ ಜಾಗದಿಂದ 4.7 ಕಿಲೋಓಮ್ ಮೈನಸ್‌ಗೆ. ಕಲೆಕ್ಟರ್‌ನಿಂದ ರೆಸಿಸ್ಟರ್ ಮತ್ತು ಎಲ್‌ಇಡಿ. ಬಿಸಿಲಿರುವಾಗ ಪ್ಯಾನೆಲ್ ಬ್ಯಾಟರಿಗಿಂತ ಮೇಲಿರುತ್ತದೆ, ಟ್ರಾನ್ಸಿಸ್ಟರ್ ಮುಚ್ಚಿರುತ್ತದೆ. ಕತ್ತಲಾದರೆ 4.7 ಕಿಲೋಓಮ್ ಬೇಸನ್ನು ಕೆಳಗೆಳೆಯುತ್ತದೆ, ದೀಪ ಹತ್ತುತ್ತದೆ.

ಬ್ಯಾಟರಿಗೆ ಬಂದಾಗ

ಇಲ್ಲಿಂದ ಮುಂದೆ ಸ್ವಲ್ಪ ನಿಧಾನ. 18650 ಲಿಥಿಯಂ ಸೆಲ್ 4.2 ವೋಲ್ಟ್ ದಾಟಬಾರದು, 3 ವೋಲ್ಟಿಗಿಂತ ಕೆಳಗೆ ಹೋಗಬಾರದು, ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಬಾರದು. ಪ್ಯಾನೆಲ್ಲನ್ನು ನೇರ ಸೆಲ್ಲಿಗೆ ಯಾವತ್ತೂ ಕೊಡಬೇಡಿ. ಪ್ರೊಟೆಕ್ಷನ್ ಇರುವ ಟಿಪಿ4056 ಚಾರ್ಜರ್ ಬೋರ್ಡ್ ಹಾಕಿ, ಅದಕ್ಕೆ 8 ವೋಲ್ಟಿಗಿಂತ ಜಾಸ್ತಿ ಹೋಗದಂತೆ ನೋಡಿಕೊಳ್ಳಿ. ಅದು ಬರುವಾಗ 1 ಆಂಪ್‌ಗೆ ಹೊಂದಿಸಿರುತ್ತದೆ, ನಮ್ಮ ಪ್ಯಾನೆಲ್‌ಗೆ ಅಷ್ಟು ಶಕ್ತಿ ಎಲ್ಲಿದೆ? ಬೋರ್ಡ್ ಎಳೆದ ಕೂಡಲೇ ಪ್ಯಾನೆಲ್‌ನ ವೋಲ್ಟೇಜ್ ಕುಸಿಯುತ್ತದೆ. ನಿಮ್ಮ ಗ್ರಾಫಿನ ಗುಡ್ಡದಿಂದ ಎಡಕ್ಕೆ ಜಾರಿದ ಹಾಗೆ. ಬೋರ್ಡಿನಲ್ಲಿರುವ 1.2 ಕಿಲೋಓಮ್ ರೆಸಿಸ್ಟರ್ ಬದಲಿಗೆ 10 ಕಿಲೋಓಮ್ ಹಾಕಿದರೆ ಅದು 130 ಮಿಲಿಆಂಪ್ ಮಾತ್ರ ಎಳೆಯುತ್ತದೆ. ಪುಟ್ಟ ರೆಸಿಸ್ಟರ್, ಸೋಲ್ಡರಿಂಗ್ ಕಲಿಯಲು ಇದು ಒಳ್ಳೆಯ ಕೆಲಸ. ಸೋಲ್ಡರ್ ಮಾಡುವಾಗ ಕರಗಿದ ತವರವನ್ನು ಒಯ್ದು ಅಂಟಿಸಬೇಡಿ, ಮೊದಲು ಜಾಗವನ್ನು ಬಿಸಿ ಮಾಡಿ, ತವರ ತಾನಾಗಿ ಹರಿಯಲಿ. ಸೀಸ ಇರುವ ಸೋಲ್ಡರ್ ಆದರೆ ಕೈ ತೊಳೆಯದೆ ಏನೂ ತಿನ್ನಬೇಡಿ.

ಲೆಡ್ ಆ್ಯಸಿಡ್ ಬ್ಯಾಟರಿ ಬಳಸುವವರಿಗೆ ಒಂದೇ ಮಾತು: ಪ್ಲಸ್ ತುದಿಯ ಪಕ್ಕದಲ್ಲೇ ಫ್ಯೂಸ್ ಹಾಕಿ, ಆಮೇಲೆ ಬೇರೆ ಎಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಇಡಬೇಡಿ.

ಮೋಟಾರನ್ನು ತಿರುಗಿಸಿ ನೋಡಿ

ಆಟಿಕೆಯ ಡಿಸಿ ಮೋಟಾರಿನ ತುದಿಗಳಿಗೆ ಕೆಂಪು ಎಲ್‌ಇಡಿ ಹಾಕಿ ಜೋರಾಗಿ ತಿರುಗಿಸಿದರೆ ಅದು ಮಿಣುಕುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದು ನಿಮ್ಮ ಬೆರಳ ತುದಿಯಲ್ಲಿ. ಆದರೆ ಆಟಿಕೆ ಮೋಟಾರಿಗೆ ವೇಗ ಬೇಕು, ಗಾಳಿಗೆ ಅಷ್ಟು ವೇಗ ಇರುವುದಿಲ್ಲ. ಹಳೆಯ ಪ್ರಿಂಟರ್ ಬಿಚ್ಚಿದರೆ ಸ್ಟೆಪ್ಪರ್ ಮೋಟಾರ್ ಸಿಗುತ್ತದೆ, ಕಲಿಯಲು ಅದು ತುಂಬಾ ಚೆಂದ. ಒಂದು ಸುತ್ತಿಗೆ 200 ಹೆಜ್ಜೆ ಇಡುವ ಮೋಟಾರ್ ಆದರೆ ಒಂದು ಸುತ್ತಿಗೆ 50 ಸಲ ಏರಿಳಿಯುವ ಎಸಿ ಕೊಡುತ್ತದೆ. ಸೆಕೆಂಡಿಗೆ ಒಂದು ಸುತ್ತು ನಿಧಾನಕ್ಕೆ ತಿರುಗಿಸಿದರೂ 50 ಹರ್ಟ್ಜ್.

ಮೊದಲು ಮೀಟರಿನ ಓಮ್ ರೇಂಜಿನಲ್ಲಿ ಯಾವ ಎರಡು ವೈರು ಒಂದೇ ಕಾಯಿಲಿನವು ಅಂತ ಹುಡುಕಿ. ಆಮೇಲೆ ಆ ಎರಡನ್ನು ಒಂದಕ್ಕೊಂದು ಮುಟ್ಟಿಸಿ ಅಚ್ಚನ್ನು ತಿರುಗಿಸಿ ನೋಡಿ. ಕೈಗೆ ಗಟ್ಟಿಯಾಗಿ ತಡೆಯುತ್ತದೆ! ಬಿಡಿಸಿದರೆ ಹಗುರ. ವಿದ್ಯುತ್ ಎಳೆದಷ್ಟೂ ತಿರುಗಿಸುವವನು ಜಾಸ್ತಿ ದುಡಿಯಬೇಕು, ಪುಕ್ಕಟೆ ಏನೂ ಬರುವುದಿಲ್ಲ ಅಂತ ಕೈಯೇ ಹೇಳಿಕೊಡುತ್ತದೆ. ಮೋಟಾರಿನಿಂದ ಮೋಟಾರ್ ಓಡಿಸಿ ಕೊನೆಯಿಲ್ಲದೆ ವಿದ್ಯುತ್ ತೆಗೆಯುವ ವಿಡಿಯೊ ಯಾರಾದರೂ ತೋರಿಸಿದರೆ ಈ ತಡೆಯನ್ನು ನೆನಪಿಸಿಕೊಳ್ಳಿ.

ಎರಡು ಕಾಯಿಲಿಗೂ ನಾಲ್ಕು ನಾಲ್ಕು ಡಯೋಡಿನ ಬ್ರಿಜ್ (ಎಸಿಯನ್ನು ಡಿಸಿ ಮಾಡುವ ಜೋಡಣೆ) ಕಟ್ಟಿ, ಹೊರಬರುವ ಪ್ಲಸ್‌ಗಳನ್ನು ಒಂದಾಗಿ, ಮೈನಸ್‌ಗಳನ್ನು ಒಂದಾಗಿ ಸೇರಿಸಿ, 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಕೆಪಾಸಿಟರ್ 50 ವೋಲ್ಟಿನದಾದರೆ ನಿಶ್ಚಿಂತೆ. ಬ್ರಿಜ್‌ನಲ್ಲಿ ಕರೆಂಟ್ ಯಾವಾಗಲೂ ಎರಡು ಡಯೋಡ್ ದಾಟುತ್ತದೆ, ಅಂದರೆ ಮಾಮೂಲಿ ಡಯೋಡ್ ಆದರೆ 1.4 ವೋಲ್ಟ್ ಹೋಯಿತು. ಮತ್ತೆ ಅದೇ ಮಾತು, ಶಾಟ್ಕಿ ಹಾಕಿ.

ರೆಕ್ಕೆ ಕಟ್ಟುವ ಮೊದಲು ಗಾಳಿಯ ಲೆಕ್ಕ ತಿಳಿದಿರಲಿ, ತುಂಬಾ ಜನ ನಿರಾಸೆ ಪಡುವುದು ಇಲ್ಲೇ. ಗಾಳಿಯ ಶಕ್ತಿ ವೇಗದ ಘನದ ಹಾಗೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. 60 ಸೆಂಟಿಮೀಟರ್ ಅಗಲದ ಚಕ್ರದ ಮೂಲಕ ಸೆಕೆಂಡಿಗೆ 5 ಮೀಟರ್ ಗಾಳಿ ಹಾದರೆ ಅದರಲ್ಲಿರುವ ಶಕ್ತಿ ಸುಮಾರು 21 ವ್ಯಾಟ್. 3 ಮೀಟರ್ ಆದರೆ ಐದು ವ್ಯಾಟೂ ಇಲ್ಲ. 10 ಮೀಟರ್ ಆದರೆ 170. ಅದರಲ್ಲಿ 59.3 ಶೇಕಡಾಕ್ಕಿಂತ ಜಾಸ್ತಿ ಯಾವ ಚಕ್ರವೂ ತೆಗೆಯಲಾರದು, ಇದಕ್ಕೆ ಬೆಟ್ಜ್ ಮಿತಿ ಅಂತ ಹೆಸರು. ಕೈಯಲ್ಲಿ ಕಟ್ಟಿದ್ದರಲ್ಲಿ ಐದನೇ ಒಂದು ಪಾಲು ಸಿಕ್ಕಿದರೆ ಖುಷಿಪಡಿ. ಹಾಗಾಗಿ ಬರೀ ಕೈಗೆ ತಂಪು ತಾಗುವ ಗಾಳಿಯಲ್ಲಿ ಚಕ್ರ ತಿರುಗಿದರೂ ಬ್ಯಾಟರಿ ತುಂಬುವುದಿಲ್ಲ, ಅದು ನಿಮ್ಮ ಕೈಗುಣದ ದೋಷ ಅಲ್ಲ. ಬಿರುಗಾಳಿಗೆ ಒಂದು ಬ್ರೇಕ್ ಇರಲಿ: ವೈರುಗಳನ್ನು ಶಾರ್ಟ್ ಮಾಡುವ ಒಂದು ಸ್ವಿಚ್, ಬ್ಯಾಟರಿ ಕಡೆಗಲ್ಲ, ಬ್ರಿಜ್‌ಗಿಂತ ಮುಂಚೆ ಮೋಟಾರ್ ಕಡೆಗೆ. ಆದರೆ ಜೋರು ಗಾಳಿ ಬರುವ ಮೊದಲೇ ಅದನ್ನು ಹಾಕಿಬಿಡಿ. ಮುರಿದ ರೆಕ್ಕೆ ತುಂಬಾ ದೂರ ಹಾರುತ್ತದೆ.

ಹರಿಯುವ ನೀರು ಹತ್ತಿರ ಇರುವವರು ಪುಣ್ಯವಂತರು. ಸೆಕೆಂಡಿಗೆ ಒಂದು ಲೀಟರ್ ನೀರು 10 ಮೀಟರ್ ಎತ್ತರದಿಂದ ಬಿದ್ದರೆ 98 ವ್ಯಾಟ್, ಹಗಲೂ ರಾತ್ರಿಯೂ. ಪೆಲ್ಟಿಯರ್ ತಟ್ಟೆಯ ಒಂದು ಬದಿ ಬಿಸಿ, ಇನ್ನೊಂದು ಬದಿ ತಣ್ಣಗೆ ಇಟ್ಟರೂ ವಿದ್ಯುತ್ ಬರುತ್ತದೆ, 1821ರ ಸೀಬೆಕ್ ಪರಿಣಾಮ. ಒಂದು ಸಂಜೆಯ ಪ್ರಯೋಗಕ್ಕೆ ಚೆನ್ನಾಗಿದೆ, ಹೊರಡುವ ವಿದ್ಯುತ್ ಮಾತ್ರ ತೀರ ಕಡಿಮೆ.

ಒಂದು ಗೆರೆ ಎಳೆದುಬಿಡಿ: ಗೋಡೆಯ ವಿದ್ಯುತ್ತಿನ ವೋಲ್ಟೇಜ್‌ಗೆ ಏರಿಸುವ ಇನ್ವರ್ಟರ್ ಕೈಯಲ್ಲಿ ಕಟ್ಟುವುದು, ಮನೆಯ ವೈರಿಂಗಿಗೆ ಏನನ್ನಾದರೂ ಜೋಡಿಸುವುದು, ಹತ್ತಾರು ಪ್ಯಾನೆಲ್ ಸಾಲಾಗಿ ಸೇರಿಸುವುದು ಇವು ಯಾವುದೂ ಈ ದಾರಿಯಲ್ಲಿಲ್ಲ. ಜೀವಕ್ಕೆ ಅಪಾಯ.

ಸೋರಿಕೆ ಹಿಡಿಯುವುದು

ಪ್ಯಾನೆಲ್, ಚಾರ್ಜರ್, ಸೆಲ್, ದೀಪ ಎಲ್ಲ ಜೋಡಿಸಿ ಒಂದು ವಾರ ಓಡಿಸಿದ ಮೇಲೆ ನಿಜವಾದ ಎಲೆಕ್ಟ್ರಾನಿಕ್ಸ್ ಶುರುವಾಗುತ್ತದೆ. ಸಂಜೆ ಬೆಳಕು ಹೋದ ಮೇಲೆ ಸೆಲ್ಲಿನ ವೋಲ್ಟೇಜ್ ಬರೆದುಕೊಳ್ಳಿ, ದೀಪ ಹಾಕದೆ ಬಿಡಿ, ಬೆಳಿಗ್ಗೆ ಬಿಸಿಲು ಬರುವ ಮೊದಲು ಮತ್ತೆ ಅಳೆಯಿರಿ. ಇಳಿದಿದ್ದರೆ ಯಾರೋ ಕುಡಿಯುತ್ತಿದ್ದಾರೆ ಅಂತ ಅರ್ಥ.

ದಾಖಲೆ ಇಡಲು ಮೈಕ್ರೋಕಂಟ್ರೋಲರ್ (ಪುಟ್ಟ ಕಂಪ್ಯೂಟರಿನಂಥ ಚಿಪ್) ಜೋಡಿಸಿದವರು ಮೊದಲು ಅದನ್ನೇ ನೋಡಿ. ಆರ್ಡುಯಿನೊ ಯುನೊ ಬೋರ್ಡ್ ಏನೂ ಕೆಲಸ ಮಾಡದೆ ಕೂತಿದ್ದರೂ 45-50 ಮಿಲಿಆಂಪ್ ಎಳೆಯುತ್ತದೆ. ನಮ್ಮ ಪ್ಯಾನೆಲ್ ಒಳ್ಳೆಯ ಬಿಸಿಲಲ್ಲಿ ನಾಲ್ಕು ಗಂಟೆಯಲ್ಲಿ ಕೊಡುವುದು 600 ಮಿಲಿಆಂಪ್-ಅವರ್ ಆಸುಪಾಸು. ಬೋರ್ಡ್ ಒಂದೇ ದಿನಕ್ಕೆ ಸಾವಿರಕ್ಕೂ ಜಾಸ್ತಿ ಕೇಳುತ್ತದೆ. ಅದರ ಮೇಲಿರುವ ಎಟಿಮೆಗಾ328 ಚಿಪ್ ಒಂದನ್ನೇ ಬ್ರೆಡ್‌ಬೋರ್ಡಿನಲ್ಲಿ ಹಾಕಿ ನಿದ್ದೆ ಮಾಡಿಸಿದರೆ ಮೈಕ್ರೋಆಂಪ್‌ಗಳಲ್ಲಿ ಮುಗಿಯುತ್ತದೆ. ದೊಡ್ಡ ಬ್ಯಾಟರಿಯಿಂದ 5 ವೋಲ್ಟ್ ತೆಗೆಯಲು 7805 (ಹೆಚ್ಚುವರಿ ವೋಲ್ಟನ್ನು ಬಿಸಿಯಾಗಿ ಕಳೆಯುವ ರೆಗ್ಯುಲೇಟರ್ ಐಸಿ) ಹಾಕಿದ್ದೀರಾ? 12 ವೋಲ್ಟಿನಿಂದ ಅರ್ಧ ಆಂಪ್ ಎಳೆದರೆ 2.5 ವ್ಯಾಟ್ ಕೆಲಸಕ್ಕೆ ಬರುತ್ತದೆ, 3.5 ವ್ಯಾಟ್ ಬಿಸಿಯಾಗಿ ಹೋಗುತ್ತದೆ. ಅಲ್ಲಿಗೆ ಎಲ್ಎಂ2596ರಂಥ ಬಕ್ ಬೋರ್ಡ್ (ಕಾಯಿಲ್ ಬಳಸಿ ವೋಲ್ಟೇಜ್ ಇಳಿಸುವಂಥದು) ಹಾಕಿ.

ಇವೆರಡೂ ಇಲ್ಲದೆ ಸೋರುತ್ತಿದ್ದರೆ ಮೀಟರನ್ನು ಮಿಲಿಆಂಪ್‌ಗೆ ಇಟ್ಟು, ಸೆಲ್ಲಿನ ಪ್ಲಸ್ ವೈರು ಬಿಡಿಸಿ ಆ ವೈರಿನ ಜಾಗದಲ್ಲಿ ಸೇರಿಸಿ, ಒಂದೊಂದೇ ಭಾಗ ಕಳಚುತ್ತಾ ಬನ್ನಿ. ನಾನು ಹೀಗೆ ಹುಡುಕಿದಾಗ ಸಿಕ್ಕಿದ್ದು ಒಂದು ಬೋರ್ಡಿನ ಮೇಲೆ ಸದಾ ಉರಿಯುವ ಸಾಸಿವೆಯಷ್ಟು ದೊಡ್ಡ ಕೆಂಪು ಎಲ್‌ಇಡಿ. 5 ಮಿಲಿಆಂಪ್, ದಿನಕ್ಕೆ 120 ಮಿಲಿಆಂಪ್-ಅವರ್. ಪ್ಯಾನೆಲ್ ದಿನವೆಲ್ಲ ದುಡಿದದ್ದರಲ್ಲಿ ಐದನೇ ಒಂದು ಪಾಲು ಅದಕ್ಕೇ ಹೋಗುತ್ತಿತ್ತು. ಐರನ್ ಬಿಸಿ ಮಾಡಿ ಅದನ್ನು ಕಿತ್ತೆ. ಮರುದಿನ ಬೆಳಿಗ್ಗೆ ಮೀಟರ್ ಹಿಂದಿನ ಸಂಜೆಯ ಸಂಖ್ಯೆಯನ್ನೇ ತೋರಿಸಿತು.